ಹಕ್ಕುಪತ್ರ ಕೊಡುತ್ತಾರಂತೆ, ದೋಣಿ ಯಾರು ಕೊಡುತ್ತಾರೆ?

ಬಡ ದೇಶಗಳ ಜನರಿಗೆ ಉಪದೇಶ ಮಾಡುವವರ ಜೋಳಿಗೆಯಲ್ಲಿ ಸದಾ ಒಂದು ಸಿದ್ಧೌಷಧವಿರುತ್ತದೆ. ಜಮೀನು ಅಳೆಯಿರಿ, ಬೇಲಿ ಹಾಕಿರಿ, ಒಬ್ಬೊಬ್ಬರ ಹೆಸರಿಗೆ ಹಕ್ಕುಪತ್ರ ಮಾಡಿಕೊಡಿರಿ. ಆ ಪತ್ರವನ್ನು ಅವರು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಲಿ, ವ್ಯಾಪಾರ ಮಾಡಲಿ. ಬಡತನ ತಾನಾಗಿಯೇ ತೊಲಗುತ್ತದೆ! ಪೆರು ದೇಶದ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ 2000ದಲ್ಲಿ ಪುಸ್ತಕ ಬರೆದು ಈ ವಾದ ಮಂಡಿಸಿದ ಮೇಲೆ ಅದಕ್ಕೆ ಜಗತ್ತಿನಾದ್ಯಂತ ಶಿಷ್ಯರು ಹುಟ್ಟಿಕೊಂಡರು. ಪೆಸಿಫಿಕ್ ದ್ವೀಪಗಳ ಬಗ್ಗೆ ಆಸ್ಟ್ರೇಲಿಯಾದ ಅರ್ಥಶಾಸ್ತ್ರಜ್ಞೆ ಹೆಲೆನ್ ಹ್ಯೂಸ್ ಕೂಡ ಅದೇ ಕಾಲದಲ್ಲಿ ಬರೆದರು. ಅಲ್ಲಿನ ಜಮೀನು ಸಾಮೂಹಿಕ ಒಡೆತನದಲ್ಲಿರುವುದೇ ಬಡತನಕ್ಕೆ ಮೂಲ ಎಂಬುದು ಅವರ ತೀರ್ಪು.

ಈ ತೀರ್ಪು ಸರಿಯೇ? ಪಪುವಾ ನ್ಯೂಗಿನಿಯ ಒಂದು ಕಡಲತೀರದಲ್ಲಿ ನಿಂತು ಇದನ್ನು ಪರೀಕ್ಷಿಸಿ ನೋಡೋಣ.

ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ದ್ವೀಪದ ಪಶ್ಚಿಮಾರ್ಧ ಇಂಡೋನೇಷ್ಯಾದ ವಶದಲ್ಲಿದೆ. ಪೂರ್ವಾರ್ಧವು 1975ರ ಸೆಪ್ಟೆಂಬರ್ 16ರಂದು ಆಸ್ಟ್ರೇಲಿಯಾದ ಆಡಳಿತದಿಂದ ಬಿಡುಗಡೆ ಹೊಂದಿ ಸ್ವತಂತ್ರ ದೇಶವಾಯಿತು. ಎಂಟುನೂರಕ್ಕೂ ಹೆಚ್ಚು ಭಾಷೆಗಳ ನಾಡು ಅದು. ಅಲ್ಲಿನ ಶೇ. 97ರಷ್ಟು ನೆಲ ಕುಲಗಳ ಸಾಂಪ್ರದಾಯಿಕ ಒಡೆತನದಲ್ಲಿದೆ ಎಂಬುದು ಸಾಮಾನ್ಯವಾಗಿ ಹೇಳಲಾಗುವ ಲೆಕ್ಕ. ಬಿಳಿಯರ ಆಡಳಿತ ಹೋದ ಮೇಲೂ ನೆಲ ಮಾತ್ರ ಬಹುತೇಕ ಜನರ ಕೈಯಲ್ಲೇ ಉಳಿದ ದೇಶಗಳು ಜಗತ್ತಿನಲ್ಲಿ ಎಷ್ಟಿವೆ?

ಈ ದೇಶದ ಓರೋ ಪ್ರಾಂತ್ಯದ ತೀರದಲ್ಲಿ ಕಾಲಿಂಗ್‌ವುಡ್ ಕೊಲ್ಲಿಯಿದೆ. ಅದರ ದಂಡೆಯ ಉಯಿಯಾಕು ಮತ್ತು ಅಕ್ಕಪಕ್ಕದ ಹಳ್ಳಿಗಳಲ್ಲಿ ಮೈಸಿನ್ ಜನ ವಾಸಿಸುತ್ತಾರೆ. ಹಿಂದೆ ಕಾಡು, ಮುಂದೆ ಕಡಲು. ಕಾಡಿನಂಚಿನ ತೋಟಗಳಲ್ಲಿ ಕೆಸು, ಗೆಣಸು, ಬಾಳೆ ಬೆಳೆಯುತ್ತಾರೆ. ಕಡಲಿನಲ್ಲಿ ಮೀನು ಹಿಡಿಯುತ್ತಾರೆ. ಮನೆ ಕಟ್ಟುವ ಮರ, ಹೊದಿಸುವ ಎಲೆ, ದೋಣಿಯ ದಿಮ್ಮಿ ಎಲ್ಲವೂ ಅದೇ ಕಾಡಿನದು. ಹಿಪ್ಪುನೇರಳೆ ಜಾತಿಯ ಒಂದು ಗಿಡದ ತೊಗಟೆಯನ್ನು ಬಡಿದು ಹೆಂಗಸರು ಟಾಪಾ ಎಂಬ ಬಟ್ಟೆ ಮಾಡುತ್ತಾರೆ, ಅದರ ಮೇಲೆ ಕಪ್ಪು ಮತ್ತು ಕೆಂಪು ಬಣ್ಣದಲ್ಲಿ ಚಿತ್ರ ಬರೆಯುತ್ತಾರೆ. ಹಳ್ಳಿಗೆ ಬರುವ ಅಲ್ಪಸ್ವಲ್ಪ ನಗದು ಹಣದಲ್ಲಿ ಈ ಬಟ್ಟೆಯ ಪಾಲು ದೊಡ್ಡದು.

ಇಲ್ಲಿ ಆಸ್ತಿಯ ಕಲ್ಪನೆ ಇಲ್ಲ ಎಂದು ಯಾರಾದರೂ ತಿಳಿದಿದ್ದರೆ ಅದು ಅವರ ಅಜ್ಞಾನ. ಯಾವ ತೋಟ ಯಾರದು, ಯಾವ ತೊರೆಯವರೆಗೆ ಯಾವ ಕುಲದ ನೆಲ ಎಂಬುದು ಊರಿನ ಹಿರಿಯರಿಗೆ ಗೊತ್ತು. ಟಾಪಾದ ಮೇಲೆ ಬರೆಯುವ ಕೆಲವು ಚಿತ್ರಗಳು ಕೂಡ ಆಯಾ ಕುಲದ ಸೊತ್ತು. ಬೇರೆ ಕುಲದವರು ಅವನ್ನು ಬರೆಯುವಂತಿಲ್ಲ. ಇವರಲ್ಲಿ ಇಲ್ಲದಿರುವುದು ಕಚೇರಿಯ ಮೊಹರು ಮಾತ್ರ.

ಹಾಗಾದರೆ ಇವರಿಗೆ ಬಡತನವಿಲ್ಲವೇ? ಇದೆ. ಆದರೆ ಅದು ಹಸಿವಿನ ಬಡತನವಲ್ಲ, ದಾರಿಯಿಲ್ಲದ ಬಡತನ.

ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಈ ಕೊಲ್ಲಿಗೆ ರಸ್ತೆಯಿಲ್ಲ. ಅಷ್ಟೇ ಏಕೆ, ದೇಶದ ಎರಡನೆಯ ದೊಡ್ಡ ಪಟ್ಟಣವಾದ ಲೇಗೂ ರಾಜಧಾನಿಯಿಂದ ರಸ್ತೆಯಿಲ್ಲ! ಟೂಫಿಯಲ್ಲೋ ವಾನಿಗೇಲಾದಲ್ಲೋ ಇರುವ ಸಣ್ಣ ಓಡುದಾರಿಯಲ್ಲಿ ಪುಟ್ಟ ವಿಮಾನ ಇಳಿದರೆ, ಅಲ್ಲಿಂದ ಮುಂದೆ ಕಡಲೇ ಗತಿ. ಆ ದೇಶದ ತೀರದ ಜನ ಬನಾನಾ ಬೋಟ್ ಎಂದು ಕರೆಯುವ, ಹೊರಗೆ ಯಂತ್ರ ಕಟ್ಟಿದ ತೆರೆದ ಫೈಬರ್ ದೋಣಿಯೇ ಇಲ್ಲಿಯ ಬಸ್ಸು, ಲಾರಿ, ಆಂಬುಲೆನ್ಸ್. ಯಂತ್ರಕ್ಕೆ ಪೆಟ್ರೋಲ್ ಬೇಕು, ಆ ಪೆಟ್ರೋಲ್ ಕೂಡ ದೂರದಿಂದ ದೋಣಿಯಲ್ಲೇ ಬರಬೇಕು. ಆಗ್ನೇಯ ಗಾಳಿಯ ತಿಂಗಳುಗಳಲ್ಲಿ ಕಡಲು ಮುನಿದರೆ ಅದೂ ಇಲ್ಲ. ಹೆರಿಗೆ ನೋವಿನಲ್ಲಿರುವ ಹೆಂಗಸನ್ನು ಅಂಥ ದೋಣಿಯಲ್ಲಿ ಮಲಗಿಸಿ ಆಸ್ಪತ್ರೆ ಹುಡುಕುವವರಿಗೆ ಹಕ್ಕುಪತ್ರ ಯಾವ ಉಪಕಾರ ಮಾಡುತ್ತದೆ?

ದೊಡ್ಡ ಹಡಗುಗಳ ಕಥೆಯೂ ಬೇರೆಯಲ್ಲ. 2012ರ ಫೆಬ್ರವರಿ 2ರಂದು ಕಿಂಬೆಯಿಂದ ಲೇಗೆ ಹೊರಟಿದ್ದ ರಬೌಲ್ ಕ್ವೀನ್ ಎಂಬ ಪ್ರಯಾಣಿಕರ ಹಡಗು ಮುಳುಗಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಹಡಗಿನಲ್ಲಿ ಮಿತಿಮೀರಿ ಜನರನ್ನು ತುಂಬಲಾಗಿತ್ತು ಎಂದು ವಿಚಾರಣಾ ಆಯೋಗ ಹೇಳಿತು. 2007ರ ನವೆಂಬರಿನಲ್ಲಿ ಗುಬಾ ಚಂಡಮಾರುತ ಓರೋ ಪ್ರಾಂತ್ಯವನ್ನು ಮುಳುಗಿಸಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ಸೇತುವೆಗಳೂ ಕೊಚ್ಚಿಹೋದವು. ಅವನ್ನು ಮತ್ತೆ ಕಟ್ಟಲು ಸರಕಾರಕ್ಕೆ ವರ್ಷಗಳೇ ಹಿಡಿದವು.

ಸೇತುವೆ ಕಟ್ಟಲು ವರ್ಷಗಳನ್ನು ತೆಗೆದುಕೊಂಡ ಅದೇ ಸರಕಾರದ ಕಚೇರಿಗಳು ಜಮೀನಿನ ಕಾಗದ ಮಾಡುವಾಗ ತೋರಿದ ಚುರುಕುತನ ನೋಡಬೇಕು. 1996ರ ಭೂ ಕಾಯಿದೆಯಲ್ಲಿ ಒಂದು ದಾರಿಯಿತ್ತು. ಸರಕಾರ ಕುಲಗಳಿಂದ ಜಮೀನನ್ನು ಗುತ್ತಿಗೆಗೆ ಪಡೆದು, ಅದನ್ನೇ ತಿರುಗಿ 99 ವರ್ಷಗಳವರೆಗೆ ಗುತ್ತಿಗೆ ಕೊಡಬಹುದು. ಜನರು ತಮ್ಮ ನೆಲದಲ್ಲಿ ತಾವೇ ಉದ್ಯಮ ನಡೆಸಲಿ ಎಂಬುದು ಹೇಳಿಕೊಂಡ ಉದ್ದೇಶ. ಆದರೆ ಆದದ್ದೇನು? ಕಂಪೆನಿಗಳು ಈ ದಾರಿಯಲ್ಲೇ ನುಗ್ಗಿದವು. ವ್ಯವಸಾಯದ ಹೆಸರಿನಲ್ಲಿ 50 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಗುತ್ತಿಗೆಯ ಪಾಲಾಯಿತು. ಅಂದರೆ ದೇಶದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು. ಎಷ್ಟೋ ಕಡೆ ತೋಟ ಏಳಲಿಲ್ಲ, ಮರ ಮಾತ್ರ ಹಡಗು ಹತ್ತಿತು.

2011ರಲ್ಲಿ ವಿಚಾರಣಾ ಆಯೋಗ ನೇಮಕವಾಯಿತು, 2013ರಲ್ಲಿ ವರದಿ ಸಂಸತ್ತಿನ ಮುಂದೆ ಬಂತು. ವರದಿಯಾದ 42 ಗುತ್ತಿಗೆಗಳಲ್ಲಿ ಭೂಮಾಲಕರ ಸರಿಯಾದ ಒಪ್ಪಿಗೆಯೂ ಕಾರ್ಯಸಾಧ್ಯ ಕೃಷಿ ಯೋಜನೆಯೂ ಇದ್ದದ್ದು ಕೇವಲ ನಾಲ್ಕರಲ್ಲಿ. ಅಕ್ರಮ ಗುತ್ತಿಗೆಗಳನ್ನು ರದ್ದು ಮಾಡುವ ಮಾತನ್ನು ಆಗಿನ ಪ್ರಧಾನಿ ಪೀಟರ್ ಓನೀಲ್ ಪದೇ ಪದೇ ಹೇಳಿದರು. ಮರ ಕಡಿಯುವ ಸದ್ದು ಮಾತ್ರ ನಿಲ್ಲಲಿಲ್ಲ.

ಮೈಸಿನ್ ಜನರು ಇದನ್ನು ಎರಡೆರಡು ಬಾರಿ ಅನುಭವಿಸಿದವರು. ತಮ್ಮ ಕಾಡು ತಮಗೆ ತಿಳಿಯದಂತೆ ಬೇರೆಯವರ ಪಾಲಾಗಿದೆ ಎಂದು ಗೊತ್ತಾದಾಗ ಅವರು ನ್ಯಾಯಾಲಯದ ಮೆಟ್ಟಿಲೇರಿದರು ಮತ್ತು 2002ರಲ್ಲಿ ಗೆದ್ದರು. ಅಲ್ಲಿಗೆ ಮುಗಿಯಲಿಲ್ಲ. ಕೊಲ್ಲಿಯ ನೆಲದ ಮೇಲೆ ತಾಳೆ ಎಣ್ಣೆಯ ಕಣ್ಣು ಬಿದ್ದು ಮತ್ತೆ ಗುತ್ತಿಗೆಗಳು ಹುಟ್ಟಿಕೊಂಡವು. ಕೊಲ್ಲಿಯ ಜನ ಮತ್ತೆ ಹೋರಾಡಿದರು, 2014ರಲ್ಲಿ ರಾಷ್ಟ್ರೀಯ ನ್ಯಾಯಾಲಯ ಅವುಗಳಲ್ಲಿ ಎರಡನ್ನು ರದ್ದುಮಾಡಿತು. ರಸ್ತೆಯಿಲ್ಲದ ಊರಿನಿಂದ ಹೊರಟು ರಾಜಧಾನಿಯಲ್ಲಿ ಮೊಕದ್ದಮೆ ನಡೆಸುವುದು ಎಂಥ ಪಾಡು ಎಂಬುದನ್ನು ಊಹಿಸಿ. ಕಾಗದವು ರಾಜಧಾನಿಯಲ್ಲಿ ಹುಟ್ಟುತ್ತದೆ, ಮೊಹರು ಅಲ್ಲೇ ಬೀಳುತ್ತದೆ, ವಕೀಲನೂ ಅಲ್ಲೇ ಸಿಗುತ್ತಾನೆ. ಕಚೇರಿಗೆ ಹತ್ತಿರ ಇರುವವನಿಗೆ ಕಾಗದ ಆಯುಧವಾಗುತ್ತದೆ, ದೂರ ಇರುವವನಿಗೆ ಅದೇ ಉರುಳಾಗುತ್ತದೆ.

ಸಾಮೂಹಿಕ ಒಡೆತನವಿದ್ದರೆ ವಾಣಿಜ್ಯ ಬೆಳೆ ಸಾಧ್ಯವಿಲ್ಲ ಎನ್ನುವವರು ಅದೇ ದೇಶದ ಒಳನಾಡಿನ ಬೆಟ್ಟಸೀಮೆಯನ್ನು ನೋಡಲಿ. ಪಪುವಾ ನ್ಯೂಗಿನಿಯ ಕಾಫಿಯ ಬಹುಪಾಲನ್ನು ಬೆಳೆಯುವವರು ಕುಲದ ನೆಲದಲ್ಲಿ ದುಡಿಯುವ ಸಣ್ಣ ಕುಟುಂಬಗಳು. ಅವರಲ್ಲಿ ಹಕ್ಕುಪತ್ರವಿಲ್ಲ. ಆದರೆ ಅವರ ಸೀಮೆಯಿಂದ ಲೇ ಬಂದರಿಗೆ ಹೆದ್ದಾರಿಯಿದೆ. ಅದೆಷ್ಟೇ ಕೆಟ್ಟಿರಲಿ, ಮೂಟೆ ಬಂದರು ಮುಟ್ಟುತ್ತದೆ. ಓರೋ ಪ್ರಾಂತ್ಯದಲ್ಲೇ ಪೊಪೊಂಡೆಟ್ಟಾದ ಸುತ್ತ, ರಸ್ತೆ ಮತ್ತು ಗಿರಣಿ ಇರುವಲ್ಲಿ, ಹಳ್ಳಿಗರು ತಮ್ಮ ನೆಲದಲ್ಲೇ ತಾಳೆ ಬೆಳೆದು ಮಾರುತ್ತಾರೆ. ಹೀಗಿರುವಾಗ ಅಡ್ಡಿಯಾಗಿರುವುದು ಕುಲದ ಒಡೆತನವೋ, ಇಲ್ಲದ ರಸ್ತೆಯೋ?

ಅಡಮಾನದ ಮಾತನ್ನೂ ನೋಡಿ. ಸಾಲ ತೀರಿಸಲಾಗದವನ ಜಮೀನನ್ನು ಬ್ಯಾಂಕು ಹರಾಜು ಹಾಕಲೇಬೇಕು, ಇಲ್ಲವಾದರೆ ಅದು ಅಡಮಾನವೇ ಅಲ್ಲ. ಹರಾಜಿನಲ್ಲಿ ಕೊಳ್ಳುವವನು ಪಕ್ಕದ ಮನೆಯ ಮೀನುಗಾರನಂತೂ ಅಲ್ಲ. ಅಂದರೆ ಹಕ್ಕುಪತ್ರ ಕೊಡುವ ಮೊದಲ ಹಕ್ಕು ನೆಲ ಕಳೆದುಕೊಳ್ಳುವ ಹಕ್ಕು. ಆ ದೇಶದ ಜನರಿಗೆ ಇದು ಚೆನ್ನಾಗಿ ಗೊತ್ತು. 2001ರ ಜೂನ್‌ನಲ್ಲಿ ಖಾಸಗೀಕರಣದ ವಿರುದ್ಧ ಪೋರ್ಟ್ ಮೋರ್ಸ್‌ಬಿಯಲ್ಲಿ ನಡೆದ ಚಳವಳಿಯಲ್ಲಿ ಭೂ ನೋಂದಣಿಯ ಭಯವೂ ಸೇರಿಕೊಂಡಿತ್ತು. ಅಂದು ವಿದ್ಯಾರ್ಥಿಗಳು ಪೊಲೀಸರ ಗುಂಡಿಗೆ ಪ್ರಾಣ ತೆತ್ತರು.

ಹಾಗೆಂದು ಕುಲದ ವ್ಯವಸ್ಥೆ ದೋಷರಹಿತ ಎಂದು ಹಾಡಿ ಹೊಗಳಬೇಕಾಗಿಲ್ಲ. ಗಡಿ ಜಗಳಗಳಿವೆ. ಸಭೆಯಲ್ಲಿ ಮಾತು ಗಂಡಸರದು, ತೋಟದ ದುಡಿಮೆ ಬಹುಪಾಲು ಹೆಂಗಸರದು. ಅಂಗಡಿ ಇಟ್ಟವನ ಸರಕು ಬಂಧುಗಳ ಪಾಲಾಗುವುದೂ ಉಂಟು. ಆದರೆ ಈ ರೋಗಗಳಿಗೆ ಹಕ್ಕುಪತ್ರ ಮದ್ದೇ? ಒಬ್ಬ ಗಂಡಸಿನ ಹೆಸರಿನಲ್ಲಿ ಪತ್ರವಾದರೆ ಅವನ ಹೆಂಡತಿ, ತಂಗಿ, ತಾಯಿಗೆ ಈಗಿರುವ ಬಳಕೆಯ ಹಕ್ಕೂ ಕಾಗದದಲ್ಲಿ ಕಾಣದಂತಾಗುತ್ತದೆ. ತಿದ್ದಬೇಕಾದುದನ್ನು ಊರಿನವರೇ ತಿದ್ದಲಿ. ತಿದ್ದುವ ನೆಪದಲ್ಲಿ ಕಸಿಯುವುದು ಬೇಡ.

ಈಗ ಇಂಗಾಲದ ವ್ಯಾಪಾರಿಗಳೂ ಬಂದಿದ್ದಾರೆ. ಮರ ಕಡಿಯಬೇಡಿ, ಕಾಡಿನ ಇಂಗಾಲ ನಮಗೆ ಮಾರಿ ಎನ್ನುತ್ತಾರೆ. ಗೊಂದಲ ಹೆಚ್ಚಿ, 2022ರಲ್ಲಿ ಸರಕಾರವೇ ಹೊಸ ಒಪ್ಪಂದಗಳಿಗೆ ತಡೆ ಹಾಕಬೇಕಾಯಿತು. ಸರಕು ಬದಲಾಗಿದೆ, ರಾಜಧಾನಿಯಲ್ಲಿ ಸಿದ್ಧವಾಗಿ ಹಳ್ಳಿಗೆ ಸಹಿಗಾಗಿ ಬರುವ ಕಾಗದ ಬದಲಾಗಿಲ್ಲ.

ಕಡಲತೀರದ ಈ ಹಳ್ಳಿಗೆ ನಿಜವಾಗಿ ನೆರವಾಗಬಯಸುವವರು ಅಳತೆಯ ಸರಪಳಿ ಹಿಡಿದು ಬರುವುದು ಬೇಡ. ವಾರಕ್ಕೊಮ್ಮೆ ತಪ್ಪದೆ ಬರುವ ಸುರಕ್ಷಿತ ಹಡಗು, ಮದ್ದು ಮತ್ತು ದಾದಿ ಇರುವ ಆರೋಗ್ಯ ಕೇಂದ್ರ, ಕೈಗೆಟುಕುವ ಬೆಲೆಗೆ ಪೆಟ್ರೋಲ್, ಟಾಪಾ ಮತ್ತು ಮೀನಿಗೆ ಮಾರುಕಟ್ಟೆ, ಇಷ್ಟನ್ನು ಒದಗಿಸಲಿ. ಇದಕ್ಕಾಗಿ ಯಾರ ನೆಲವನ್ನೂ ಯಾರ ಹೆಸರಿಗೂ ಬರೆಯಬೇಕಾಗಿಲ್ಲ. ಸಾವಿರಾರು ವರ್ಷಗಳಿಂದ ಉಣಿಸುತ್ತಾ ಬಂದ ನೆಲ ಅವರದೇ. ಸರಕಾರ ಕೊಡಬೇಕಾಗಿರುವುದು ದೋಣಿ. ಮೊದಲು ಅದನ್ನು ಕೊಡಲಿ.