ಹೇಳದೆ ಮುಚ್ಚಿದ ಬಾಗಿಲು

ಟ್ವಿಟರಿನಲ್ಲಿ ‘ಟ್ವೀಟ್’ ಎಂಬ ಪದವನ್ನೂ ಹಕ್ಕಿಯ ಚಿಹ್ನೆಯನ್ನೂ ಮೊದಲು ಬಳಕೆಗೆ ತಂದದ್ದು ಆ ಸಂಸ್ಥೆಯಲ್ಲ. 2007ರಲ್ಲಿ ಹೊರಗಿನ ತಂತ್ರಜ್ಞರು ರೂಪಿಸಿದ ‘ಟ್ವಿಟರಿಫಿಕ್’ ಎಂಬ ತಂತ್ರಾಂಶ. 2023ರ ಜನವರಿಯಲ್ಲಿ ಸಂಸ್ಥೆಯು ಇಂತಹ ತಂತ್ರಾಂಶಗಳ ಸಂಪರ್ಕವನ್ನು ಮುನ್ಸೂಚನೆಯಿಲ್ಲದೆ ಕಡಿದುಹಾಕಿತು. ಅವುಗಳನ್ನು ನಿಷೇಧಿಸುವ ನಿಯಮವನ್ನು ಬರೆದದ್ದು ಕೆಲವು ದಿನಗಳ ಅನಂತರ! ಶಿಕ್ಷೆ ಮೊದಲು, ಕಾನೂನು ಆಮೇಲೆ.

ವೇದಿಕೆ ಅವರದು, ಬಾಗಿಲು ಹಾಕುವ ಹಕ್ಕೂ ಅವರದೇ ಎಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದ್ರೋಹದ ಭಯವಿರುವ ಶತ್ರುವಿನೊಂದಿಗಿನ ಒಪ್ಪಂದವನ್ನೂ ಬಹಿರಂಗವಾಗಿ ತಿಳಿಸಿಯೇ ಕೊನೆಗೊಳಿಸಬೇಕೆಂದು ಪವಿತ್ರ ಕುರ್‌ಆನ್ (ಅಲ್ ಅನ್ಫಾಲ್: 58) ಆದೇಶಿಸುತ್ತದೆ. ಇಲ್ಲಿದ್ದವರಾದರೋ ಶತ್ರುಗಳಲ್ಲ, ಆ ಸಂಸ್ಥೆಯನ್ನು ಬೆಳೆಸಿದವರು. ವರ್ಷದ ಚಂದಾ ಪಡೆದಿದ್ದ ಅವರು, ಹಣ ಮರಳಿಸುವ ಹೊರೆಗೆ ಅಂಜಿ, ಮರುಪಾವತಿ ಬೇಡವೆನ್ನಿರೆಂದು ತಮ್ಮ ಗ್ರಾಹಕರನ್ನೇ ವಿನಂತಿಸಬೇಕಾಯಿತು.