ಅಣಬೆ ಬಾಟಲಿಗೆ ಬೆಲ್ಲ ಬೇಡ, ಗ್ಲುಕೋಸ್ ಸಾಕು

ಮೈಸೂರು, ಮಂಡ್ಯ ಸೀಮೆಯವರಿಗೆ ಬೆಲ್ಲ ಬೇಡ ಎಂದು ಹೇಳುವುದು ಕಷ್ಟ. ಕುವೆಂಪುನಗರದಲ್ಲಿ ಕೂತು ಬರೆಯುವ ನಾವೂ ಆಲೆಮನೆಯ ವಾಸನೆ ಗೊತ್ತಿರುವವರೇ. ಆದರೂ ಒಂದು ಕೆಲಸಕ್ಕೆ ಮಾತ್ರ ಬೆಲ್ಲ ಬಳಸಬೇಡಿ ಎನ್ನುತ್ತೇವೆ. ಅದು ಮನೆಯಲ್ಲೇ ಅಣಬೆಯ ಲಿಕ್ವಿಡ್ ಕಲ್ಚರ್ ಮಾಡುವ ಕೆಲಸ.

ಚಿಪ್ಪು ಅಣಬೆ ಬೆಳೆಯುವವರು ಸಾಮಾನ್ಯವಾಗಿ ಜೋಳದ ಕಾಳಿನ ಮೇಲೆ ಬೆಳೆಸಿದ ಬೀಜ ತರುತ್ತಾರೆ. ಅಣಬೆಯ ಬಿಳಿ ಎಳೆಗಳನ್ನು ಸಿಹಿ ನೀರಿನ ಬಾಟಲಿಯಲ್ಲಿ ಬೆಳೆಸಿ, ಕುಕ್ಕರಿನಲ್ಲಿ ಶುದ್ಧ ಮಾಡಿದ ಜೋಳಕ್ಕೆ ಸಿರಿಂಜಿನಿಂದ ಬಿಟ್ಟರೆ ಆ ಬೀಜವನ್ನು ನಾವೇ ಮಾಡಿಕೊಳ್ಳಬಹುದು. ಅರ್ಧ ಲೀಟರ್ ಬಾಟಲಿಯಿಂದ 10 ಮಿ.ಲೀ. ಲೆಕ್ಕದಲ್ಲಿ 50 ಜೋಳದ ಬಾಟಲಿಗೆ ಹಾಕಬಹುದು. ಇದೇ ಲಾಭ, ಇದೇ ಅಪಾಯ. ಮೊದಲ ಬಾಟಲಿ ಕೆಟ್ಟಿದ್ದರೆ ಐವತ್ತೂ ಕೆಡುತ್ತವೆ. ಜೋಳ, ಗ್ಯಾಸು, ಹುಲ್ಲು, ಸಂಘದಿಂದ ತಂದ ಸಾಲದ ದುಡ್ಡು, ಎಲ್ಲ ತಿಪ್ಪೆಗೆ.

ಹಾಗಾಗಿ ಸಕ್ಕರೆ ಆರಿಸುವಾಗ ‘ಯಾವುದರಲ್ಲಿ ಬೇಗ ಬೆಳೆಯುತ್ತದೆ’ ಎಂದು ಮಾತ್ರ ಕೇಳಿದರೆ ಸಾಲದು. ‘ಯಾವುದರಲ್ಲಿ ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ’ ಎಂದೂ ಕೇಳಬೇಕು.

ಬೆಲ್ಲದ ನೀರಿನಲ್ಲೂ ಅಣಬೆ ಬೆಳೆಯುತ್ತದೆ, ಸುಳ್ಳಲ್ಲ. ಆದರೆ ಆ ನೀರು ಕಂದು, ಮೊದಲೇ ಬಗ್ಗಡ. ಒಳಗೆ ಬ್ಯಾಕ್ಟೀರಿಯಾ ಸೇರಿದರೆ ಗೊತ್ತಾಗುವುದಿಲ್ಲ. ಒಂದು ಅಚ್ಚಿನ ಹಾಗೆ ಇನ್ನೊಂದು ಅಚ್ಚು ಇರುವುದೂ ಇಲ್ಲ. ಬಣ್ಣ ಬರಲೆಂದು ಹೈಡ್ರೋಸ್ ಹಾಕುವವರಿದ್ದಾರೆ, ಸಕ್ಕರೆ ಬೆರೆಸುವವರೂ ಇದ್ದಾರೆ.

ಜೇನುತುಪ್ಪವನ್ನು ಹಲವರು ಹೊಗಳುತ್ತಾರೆ. ಆದರೆ 2020ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ 13 ಬ್ರ್ಯಾಂಡ್‌ಗಳ ಜೇನು ಪರೀಕ್ಷೆ ಮಾಡಿಸಿದಾಗ ಎಲ್ಲ ಪರೀಕ್ಷೆಯಲ್ಲೂ ಪಾಸಾದದ್ದು ಮೂರೇ. ಅಪ್ಪಟ ಜೇನು ಸಿಕ್ಕರೆ ಮಕ್ಕಳಿಗೆ ಕೊಡಿ. ಆನ್‌ಲೈನಿನ ಮಾಲ್ಟ್ ಪುಡಿ ಒಳ್ಳೆಯದೇ, ಆದರೆ ದುಬಾರಿ. ಒಮ್ಮೆ ತೆರೆದರೆ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ. ಅಡುಗೆಮನೆಯ ಸಕ್ಕರೆ ನಡೆಯುತ್ತದೆ, ಆದರೆ ಅಣಬೆ ಅದನ್ನು ಒಡೆದು ತಿನ್ನಬೇಕು. ಗ್ಲುಕೋಸ್ ನೇರ ಆಹಾರ. ಹುಲ್ಲನ್ನು ಕರಗಿಸಿ ಅಣಬೆ ಕೊನೆಗೆ ಪಡೆಯುವುದೂ ಅದನ್ನೇ.

ಆದ್ದರಿಂದ ನಮ್ಮ ಸಲಹೆ ಮೆಡಿಕಲ್ ಶಾಪಿನ ಸಾದಾ ಗ್ಲುಕೋಸ್ ಪುಡಿ. ಕಿತ್ತಳೆ, ನಿಂಬೆ ರುಚಿಯದು ಬೇಡ. ಬರೀ ಸಿಹಿ ಸಾಲದು, ಸ್ವಲ್ಪ ಸತ್ವವೂ ಬೇಕು, ಅದಕ್ಕೆ ಆಲೂಗಡ್ಡೆ. ಪ್ರಯೋಗಾಲಯಗಳ ಹಳೆಯ ಲೆಕ್ಕ ಹೀಗಿದೆ: 200 ಗ್ರಾಂ ಆಲೂಗಡ್ಡೆ ಬೇಯಿಸಿ, ಹಿಸುಕದೆ ನೀರನ್ನು ಮಾತ್ರ ಬಟ್ಟೆಯಲ್ಲಿ ಸೋಸಿ, 20 ಗ್ರಾಂ ಗ್ಲುಕೋಸ್ ಸೇರಿಸಿ, ಒಟ್ಟು ಒಂದು ಲೀಟರ್ ಮಾಡಿ. ಚಮಚದ ಅಂದಾಜು ಬೇಡ, ತೂಕ ಮಾಡಿ. ಸಿಹಿ ಹೆಚ್ಚಾದರೆ ಬೆಳೆ ಹೆಚ್ಚುವುದಿಲ್ಲ. ಪಾಕ ಕೆಡದೆ ಉಳಿಯುವುದು ಅತಿಯಾದ ಸಿಹಿಯಲ್ಲಿ ಜೀವಿಗಳು ಬೆಳೆಯಲಾರದ್ದರಿಂದಲೇ.

ಬಾಟಲಿಯ ಮೇಲ್ಭಾಗ ಸ್ವಲ್ಪ ಖಾಲಿ ಬಿಟ್ಟು, ಮುಚ್ಚಳದ ತೂತಿಗೆ ಹತ್ತಿ ತುರುಕಿ, ಕುಕ್ಕರಿನಲ್ಲಿ ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಇಡಿ. ಪಾತ್ರೆಯಲ್ಲಿ ಬರೀ ಕುದಿಸಿದರೆ ಕೆಲವು ಬ್ಯಾಕ್ಟೀರಿಯಾದ ಬೀಜಕಣ ಸಾಯುವುದಿಲ್ಲ. ಹೆಚ್ಚು ಹೊತ್ತು ಕಾಯಿಸಿದರೆ ಸಿಹಿ ಸೀದು ಬಣ್ಣ ತಿರುಗುತ್ತದೆ. ಪೂರ್ತಿ ಆರಿದ ಮೇಲೆಯೇ ಅಣಬೆ ಎಳೆ ಹಾಕಿ. ಕೆಲವು ದಿನದಲ್ಲಿ ತಿಳಿ ನೀರಿನಲ್ಲಿ ಬಿಳಿ ಹತ್ತಿಯಂಥ ಉಂಡೆ ತೇಲಿದರೆ ಒಳ್ಳೆಯ ಲಕ್ಷಣ. ನೀರೆಲ್ಲ ಹಾಲಿನಂತಾದರೆ, ಹುಳಿ ವಾಸನೆ ಬಂದರೆ ಚೆಲ್ಲಿ. ಚೆನ್ನಾಗಿ ಕಂಡರೂ ಮೊದಲು ಒಂದೇ ಜೋಳದ ಬಾಟಲಿಗೆ ಹಾಕಿ ನೋಡಿ, ಆಮೇಲೆ ಉಳಿದ 49.

ಇಷ್ಟು ಮಾತನ್ನು ರೈತರು ಯೂಟ್ಯೂಬಿನಲ್ಲಿ ಹುಡುಕಬೇಕಾಗಬಾರದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಣಬೆ ಬೀಜ ಕೊಡುತ್ತದೆ, ತರಬೇತಿಯನ್ನೂ ನಡೆಸುತ್ತದೆ. ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬೀಜದ ಪ್ಯಾಕೆಟ್ ಜೊತೆ ಈ ಲೆಕ್ಕವನ್ನು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿ ಕೊಡಲಿ. ಸಾಲ ಮಾಡಿ ಅಣಬೆಗೆ ಕೈ ಹಾಕಿದ ಹೆಣ್ಣುಮಕ್ಕಳಿಗೆ ಆ ಒಂದು ಪುಟ ಸಬ್ಸಿಡಿಗಿಂತ ಮೊದಲು ಬೇಕು.