ಖಾಲಿ ತೋಟಾ ತುಂಬುವ ಹವ್ಯಾಸ

ಮಲೆನಾಡಿನ ಹಳೆಯ ಮನೆಗಳಿಗೆ ಕೋವಿಗೆ ಈಡು ತುಂಬುವುದು ಹೊಸ ವಿದ್ಯೆಯೇನೂ ಅಲ್ಲ. ಕೇಪಿನ ಕೋವಿಯ ನಳಿಗೆಯ ಬಾಯಿಂದ ಮಸಿ ಸುರಿದು, ನಾರು ತುರುಕಿ, ಚರೆ ಹಾಕಿ, ಕೋಲಿನಿಂದ ಗಟ್ಟಿಸಿ, ಕೊನೆಗೆ ಕೇಪು ಇಡುವ ಕ್ರಮ ಹಿರಿಯರಿಗೆ ಕಣ್ಣಳತೆಯಲ್ಲೇ ಸಿದ್ಧಿಸಿತ್ತು. ಈಗ ಯುವಕರ ಮೊಬೈಲ್‌ಗಳಲ್ಲಿ ಕಾಣಿಸುತ್ತಿರುವುದು ಬೇರೆ ಬಗೆಯದು. ಹಾರಿಸಿದ ತೋಟಾದ ಖಾಲಿ ಕವಚವನ್ನು ಹೆಕ್ಕಿ ತಂದು, ಸುಟ್ಟ ಕೇಪನ್ನು ತೆಗೆದು, ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ಬಳಸುವ ಹವ್ಯಾಸ ಅದು. ಅಮೆರಿಕದಲ್ಲಿ ಗುರಿಸ್ಪರ್ಧೆಯವರೂ ಖರ್ಚು ಉಳಿಸಬಯಸುವವರೂ ಸ್ವಂತ ಬಳಕೆಗೆಂದು ಇದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಇಲ್ಲಿಯೂ ಆರಂಭಿಸಿದರೇನು ಎಂಬ ಪ್ರಶ್ನೆ ಏಳುವುದು ಸಹಜ.

ಕಾನೂನಿನ ಉತ್ತರ ಚಿಕ್ಕದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿಯೇ ಹೊರತು ತೋಟಾ ತಯಾರಿಸುವುದಕ್ಕಲ್ಲ.

ಕಾನೂನಿಗಿಂತ ಹತ್ತಿರದ ಅಪಾಯ ಅಳತೆಯದು. ಕೇಪಿನ ಕೋವಿಯ ಮಸಿಯೆಂದರೆ ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ಮಿಶ್ರಣ. ಅದನ್ನು ಅಳತೆಯ ಚಿಪ್ಪಿನಿಂದ ಸುರಿಯುವುದು ರೂಢಿ, ತುಸು ಹೆಚ್ಚುಕಡಿಮೆಯಾದರೂ ಭದ್ರವಾದ ನಳಿಗೆ ತಡೆದುಕೊಳ್ಳುವುದುಂಟು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ರೂಪಿಸಿದ ಹೊಗೆರಹಿತ ಮದ್ದಿನ ಸ್ವಭಾವವೇ ಬೇರೆ. ಅಷ್ಟೇ ತೂಕದ ಮಸಿಗಿಂತ ಅದರ ಶಕ್ತಿ ಬಹಳ ಹೆಚ್ಚು. ಅದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ, ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅಜ್ಜನ ಚಿಪ್ಪಿನಿಂದ ಈ ಮದ್ದನ್ನು ಅಳೆದು ಹಾಕಿದರೆ ನಳಿಗೆ ಒಡೆದು, ಹಾರಿಸಿದವನ ಕೈಯೋ ಕಣ್ಣೋ ಹೋಗುತ್ತದೆ. ಅನುಭವವಿದೆ ಎಂಬ ಧೈರ್ಯವೇ ಇಲ್ಲಿ ಶತ್ರು.

ಗುಂಡು ಎರಕ ಹೊಯ್ಯುವವರ ಮನೆಗೆ ಸೀಸವೂ ಬರುತ್ತದೆ. 327 ಡಿಗ್ರಿಯಲ್ಲೇ ಕರಗುವುದರಿಂದ ಅಡುಗೆ ಒಲೆಯೇ ಸಾಕಾಗುತ್ತದೆ. ಅದರ ಬೂದಿ, ಧೂಳು ಬಟ್ಟೆಗೆ, ಕೈಗೆ, ಅಲ್ಲಿಂದ ಮಕ್ಕಳ ಬಾಯಿಗೆ ಸೇರುತ್ತವೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ನಿರಪಾಯವೆಂಬ ಮಿತಿಯೇ ಇಲ್ಲ. ಕಾಡಿನಲ್ಲೂ ಅದು ಸುಮ್ಮನಿರುವುದಿಲ್ಲ. ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದುಗಳು 1982ರಲ್ಲಿ ಕೇವಲ 22 ಉಳಿದಿದ್ದವು. ಗುಂಡೇಟು ತಿಂದ ಪ್ರಾಣಿಗಳ ಶವ ತಿಂದು ಸೀಸ ಏರಿದ್ದು ಆ ಅಳಿವಿನ ದೊಡ್ಡ ಕಾರಣಗಳಲ್ಲೊಂದು. ಆ ರಾಜ್ಯ 2019ರಲ್ಲಿ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿತು. 2023ರಲ್ಲಿ ಐರೋಪ್ಯ ಒಕ್ಕೂಟ ಜೌಗು ಪ್ರದೇಶಗಳಲ್ಲಿ ಸೀಸದ ಚರೆಯನ್ನು ತಡೆಯಿತು.

ಇವೆಲ್ಲಕ್ಕಿಂತ ಗಮನಿಸಬೇಕಾದ ಮಾತೊಂದಿದೆ. ವರ್ಷಕ್ಕೆ ಇಂತಿಷ್ಟೇ ತೋಟಾ ಕೊಳ್ಳಬಹುದೆಂಬ ಮಿತಿ ಪರವಾನಗಿಯಲ್ಲೇ ಇರುತ್ತದೆ. ಬೆಲೆಯೂ ಕಡಿಮೆಯಲ್ಲ. ಈ ಮಿತಿ, ಈ ಬೆಲೆಗಳೇ ಕೋವಿ ಹಿಡಿದ ಕೈಯನ್ನು ಒಂದು ಕ್ಷಣ ತಡೆಯುವುವು. ಮನೆಯಲ್ಲೇ ತೋಟಾ ತುಂಬತೊಡಗಿದರೆ ಲೆಕ್ಕ ತಪ್ಪುತ್ತದೆ, ತಡೆ ಸಡಿಲುತ್ತದೆ. ಬೆಳೆ ಕಾಯಲೆಂದು ಪಡೆದ ಕೋವಿ ಕಡವೆ, ಬರ್ಕಗಳತ್ತ ತಿರುಗಲು ಹೆಚ್ಚು ದಿನ ಬೇಡ. ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದರಲ್ಲಿ ಯಾವ ಸಂದೇಹಕ್ಕೂ ಎಡೆ ಇಟ್ಟಿಲ್ಲ.

ಹಾಗೆಂದು ರೈತನ ನೋವನ್ನು ಕಾಯ್ದೆಯ ಪುಟಗಳಿಂದ ಮುಚ್ಚಲಾಗದು. ಒಂದೇ ರಾತ್ರಿಯಲ್ಲಿ ಗದ್ದೆ ಉತ್ತು ಹೋಗುವ ಕಾಡುಹಂದಿ ಘಟ್ಟದವರಿಗೆ ಮಾತ್ರ ಗೊತ್ತಿರುವುದಲ್ಲ. ಜೇವರ್ಗಿ ತಾಲ್ಲೂಕಿನ ಇಜೇರಿಯಂತಹ ಬಯಲಿನ ಊರಿನಲ್ಲೂ ತೊಗರಿ, ಜೋಳದ ಹೊಲವನ್ನು ಮಂಚಿಗೆಯ ಮೇಲೆ ಕುಳಿತು, ಕವಣೆ ಬೀಸಿ ಕಾಯ್ದವರ ಮಕ್ಕಳೇ ಇದ್ದಾರೆ. ಇಂದು ಆ ರಾತ್ರಿಗಳನ್ನು ಕಾಯಲು ಮನೆಗಳಲ್ಲಿ ಆಳಿಲ್ಲ. ಬೆಳೆಹಾನಿಯ ಅರ್ಜಿ ಕಚೇರಿಯಲ್ಲಿ ಕುಳಿತಷ್ಟು ದಿನವೂ ಅಡ್ಡದಾರಿಯ ಆಸೆ ಬೆಳೆಯುತ್ತದೆ. ಹಣ್ಣಿನಲ್ಲಿ ಸಿಡಿಮದ್ದು ಅಡಗಿಸಿಟ್ಟ ಅಂತಹ ಅಡ್ಡದಾರಿಗೇ 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸಿರಾನೆಯೊಂದು ಬಲಿಯಾಯಿತು. ಅರಣ್ಯ ಇಲಾಖೆ ಪರಿಹಾರದ ಹಣವನ್ನು ಮುಂದಿನ ಬಿತ್ತನೆಗೆ ಮೊದಲು ಕೈಸೇರಿಸಲಿ, ಊರುಗಳು ಸೌರಬೇಲಿಯ ನಿರ್ವಹಣೆಯನ್ನು ಸರದಿಯ ಮೇಲೆ ವಹಿಸಿಕೊಳ್ಳಲಿ. ಗುರಿಯ ಮೋಹವುಳ್ಳ ವಿದ್ಯಾರ್ಥಿಗೆ ರೈಫಲ್ ಸಂಘಗಳ ಅಂಕಣವಿದೆ, ಅಲ್ಲಿ ಹತ್ತು ಮೀಟರ್ ಏರ್ ರೈಫಲ್‌ಗೆ ಮದ್ದೂ ಬೇಡ, ಕೇಪೂ ಬೇಡ.